ಮನಸ್ಸಿಲ್ಲದ ದಿನವೂ ಪ್ರಾರ್ಥನೆ

ಇಷ್ಟು ವರ್ಷ ದಿನಾ ಪ್ರಾರ್ಥನೆ ಮಾಡಿ ನಿಮಗೆ ಸಿಕ್ಕಿದ್ದೇನು ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಸಿಗಲಿ ಎಂದೇ ಮಾಡುತ್ತಿದ್ದರೆ ನಾನು ಎಂದೋ ಬಿಟ್ಟುಬಿಡುತ್ತಿದ್ದೆ.

ನಾನು ಧಾರವಾಡದಲ್ಲಿ ನರ್ಸ್. ಬೆಳಗಿನ ಪಾಳಿಗೆ ಹೊರಡುವ ಮುನ್ನ ಅಡುಗೆಮನೆಯಲ್ಲೇ ಕೂತು ಸತ್ಯವೇದ ತೆರೆಯುತ್ತೇನೆ. ಒಂದು ಕೀರ್ತನೆ, ಆಮೇಲೆ ಹೆಸರುಗಳು. ಹಳೆಯ ಡೈರಿಯಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟಿರುತ್ತೇನೆ: ಡಯಾಲಿಸಿಸ್‌ಗೆ ಬರುವ ಅಜ್ಜ, ಪರೀಕ್ಷೆಗೆ ಕೂತಿರುವ ಪಕ್ಕದ ಮನೆ ಹುಡುಗಿ, ನನ್ನೊಡನೆ ಮಾತು ಬಿಟ್ಟಿರುವ ನಾದಿನಿ. ನಾದಿನಿಯ ಹೆಸರು ಬಂದಾಗ ಗಂಟಲು ಬಿಗಿಯುತ್ತದೆ. ಆದರೂ ಹೇಳುತ್ತೇನೆ, ದಿನಾ ದೇವರ ಮುಂದೆ ಹೆಸರೆತ್ತಿ ಬೇಡಿಕೊಂಡವರನ್ನು ದ್ವೇಷಿಸುತ್ತ ಕೂರಲು ಆಗುವುದಿಲ್ಲ.

ಕೀರ್ತನೆಗಳೇ ಯಾಕೆಂದರೆ, ಆ 150ರಲ್ಲಿ ಬರೀ ಸ್ತುತಿಯಿಲ್ಲ, ಸಿಟ್ಟಿದೆ, ದೂರಿದೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ವಾರ್ಡಿನಲ್ಲಿ ಮಗುವೊಂದು ತೀರಿಕೊಂಡ ಮರುದಿನ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅದನ್ನೇ ಓದಿದೆ. ದೇವರ ಹತ್ತಿರ ಜಗಳವನ್ನೂ ಆಡಬಹುದೆಂಬ ಧೈರ್ಯ ಬಂದದ್ದು ಅಲ್ಲಿಂದ.

ಸುಸ್ತಾದ ದಿನ ಯೇಸುಸ್ವಾಮಿಯನ್ನು ನೆನೆಯುತ್ತೇನೆ. ಕಪೆರ್ನೌಮ್ ಎಂಬ ಊರಿನಲ್ಲಿ ಒಂದು ಸಂಜೆ ಊರಿಗೆ ಊರೇ ರೋಗಿಗಳನ್ನು ಹೊತ್ತು ಅವರಿದ್ದ ಮನೆಯ ಬಾಗಿಲಿಗೆ ಬಂದಿತ್ತು. ಮರುದಿನ ಇನ್ನೂ ಕತ್ತಲಿರುವಾಗಲೇ ಯೇಸುಸ್ವಾಮಿ ಎದ್ದು ಒಬ್ಬರೇ ಪ್ರಾರ್ಥನೆಗೆ ಹೋದರೆಂದು ಮಾರ್ಕನ ಸುವಾರ್ತೆ ಹೇಳುತ್ತದೆ. ಪಾಳಿ ಮುಗಿಸಿ ಸುಸ್ತಾದ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

‘ಮನಸ್ಸು ಬಂದಾಗ ಮಾಡ್ತೀನಿ’ ಎನ್ನುವ ನಮ್ಮ ಸಭೆಯ ಮಕ್ಕಳೇ, ಮನಸ್ಸಿಗಾಗಿ ಕಾಯಬೇಡಿ. ನಾಳೆ ಮೊಬೈಲ್ ಮುಟ್ಟುವ ಮೊದಲು ಹತ್ತು ನಿಮಿಷ ಕೂತುಕೊಳ್ಳಿ. ಮಾತು ಹೊರಡದಿದ್ದರೆ ಕಷ್ಟದಲ್ಲಿರುವ ಯಾರದಾದರೂ ಹೆಸರು ಹೇಳಿ.