ಹಳೆಯ ಕಂಪ್ಯೂಟರಿಗೆ ಹೊಸ ರ‍್ಯಾಮ್



ಗೂಡಲೂರಿನ ಒಂದು ಮನೆಯಲ್ಲಿ ಮಗಳ ಓದಿಗಿದ್ದ ಹಳೆಯ ಕಂಪ್ಯೂಟರ್ ತುಂಬ ನಿಧಾನವಾಗಿತ್ತು. ಮೈಸೂರಿಗೆ ಹೊರಟಿದ್ದ ನನ್ನ ಕೈಗೆ ಆಕೆಯ ತಾಯಿ ರ‍್ಯಾಮ್ ತರಲು ಹಣ ಕೊಟ್ಟರು. ಅದು ಚಹಾ ತೋಟದ ಕೂಲಿಯ ಹಣ. ರಾತ್ರಿ 9ಕ್ಕೆ ಬಂಡೀಪುರದ ದಾರಿ ಮುಚ್ಚುತ್ತದೆಂಬ ಅವಸರದಲ್ಲಿ ಅಂಗಡಿಯಲ್ಲಿ ‘2 ಜಿಬಿ ಕೊಡಿ’ ಎಂದಷ್ಟೇ ಕೇಳಿ ತಂದೆ. ಅದು ಕೂರಲೇ ಇಲ್ಲ. ‘ಪರವಾಗಿಲ್ಲ ಫಾದರ್’ ಎಂದರು ಆ ತಾಯಿ. ನನಗೆ ನಾಚಿಕೆಯಾಯಿತು.

ಮನೆಯಲ್ಲಿದ್ದುದು ಡಿಡಿಆರ್2, ನಾನು ತಂದದ್ದು ಡಿಡಿಆರ್3. ಎರಡಕ್ಕೂ 240 ಪಿನ್ನುಗಳೇ. ಆದರೆ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ; ವಿದ್ಯುತ್ತೂ ಬೇರೆ, ಒಂದಕ್ಕೆ 1.8 ವೋಲ್ಟ್, ಇನ್ನೊಂದಕ್ಕೆ 1.5. ಕೂರದಿದ್ದರೆ ಬಲವಂತವಾಗಿ ಒತ್ತಬೇಡಿ.

ಕೊಳ್ಳುವ ಮೊದಲು ಕಂಪ್ಯೂಟರ್ ಆರಿಸಿ, ಪ್ಲಗ್ ತೆಗೆಯಿರಿ. ಲೋಹದ ಪೆಟ್ಟಿಗೆಯನ್ನೊಮ್ಮೆ ಮುಟ್ಟಿ; ಮೈಯಲ್ಲಿರುವ ಸ್ಥಿರವಿದ್ಯುತ್ ಚಿಪ್ಪನ್ನು ಕೆಡಿಸಬಹುದು. ಹಳೆಯ ರ‍್ಯಾಮ್ ತೆಗೆದು ಅದರ ಮೇಲಿನ ಬರಹವನ್ನು ಓದಿ. ಎಷ್ಟು ಜಿಬಿವರೆಗೆ ಹಾಕಬಹುದೆಂಬುದು ಮದರ್‌ಬೋರ್ಡಿನ ಕೈಪಿಡಿಯಲ್ಲಿರುತ್ತದೆ. ಮನೆಗಳಲ್ಲಿರುವ 32 ಬಿಟ್ ವಿಂಡೋಸ್ 4 ಜಿಬಿಗಿಂತ ಹೆಚ್ಚು ರ‍್ಯಾಮನ್ನು ಬಳಸಲಾರದು. ಮಿಕ್ಕ ಹಣ ದಂಡ. ಹಳೆಯದರ ಜೊತೆ ಹೆಚ್ಚು ವೇಗದ್ದನ್ನು ಹಾಕಿದರೂ ಸಾಮಾನ್ಯವಾಗಿ ಎರಡೂ ಕಡಿಮೆ ವೇಗದಲ್ಲೇ ಓಡುತ್ತವೆ.

ಎರಡನೆಯ ಸಲ ಹಳೆಯ ರ‍್ಯಾಮನ್ನೇ ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಹೋದೆ. ಅಂಗಡಿಯವರು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ ಸರಿಯಾದುದನ್ನು ಬದಲಿಸಿ ಕೊಟ್ಟರು. ಮಗಳ ಪರೀಕ್ಷೆಗೆ ಮೊದಲೇ ಕಂಪ್ಯೂಟರ್ ಚುರುಕಾಯಿತು. ನೀವು ಮೊದಲ ಸಲವೇ ಹಾಗೆ ಹೋಗಿ.