ಮುಂದೆ ಗುರಿ, ಹಿಂದೆ ಗುರು

ಮುಂದೆ ಗುರಿಯಿರಬೇಕು, ಹಿಂದೆ ಗುರುವಿರಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಮಾತು ಓದಿಗೆ ಎಷ್ಟು ಸಲ್ಲುತ್ತದೆಯೋ ಆಟಕ್ಕೂ ಅಷ್ಟೇ ಸಲ್ಲುತ್ತದೆ. ಇಂದಿನ ಮಕ್ಕಳಲ್ಲಿ ಗುರಿಗೇನೂ ಬರಗಾಲವಿಲ್ಲ. ಮೊಬೈಲಿನಲ್ಲಿ ದಿನಕ್ಕೊಂದು ಹೊಸ ಗುರಿ ಕಾಣಿಸುತ್ತದೆ. ಬರಗಾಲವಿರುವುದು ಗುರುವಿಗೆ. ಅದರಲ್ಲೂ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂಬ ಕಾದಾಟದ ಕ್ರೀಡೆಯನ್ನು ನೋಡಿ ಮರುಳಾದ ಹುಡುಗ ಹುಡುಗಿಯರ ವಿಷಯದಲ್ಲಿ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯವೆಂದು ನಮಗೆ ತೋರುತ್ತದೆ.

ಈ ಕ್ರೀಡೆಯ ಪರಿಚಯವಿಲ್ಲದ ಪಾಲಕರಿಗಾಗಿ ಎರಡು ಮಾತು. ಕುಸ್ತಿ, ಜೂಡೋ, ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್ ಮೊದಲಾದವುಗಳ ಪಟ್ಟುಗಳನ್ನೂ ಏಟುಗಳನ್ನೂ ಒಂದೇ ಕಣದಲ್ಲಿ ಬಳಸಲು ಬಿಡುವ ಪಂದ್ಯವಿದು. 1993ರ ನವೆಂಬರ ತಿಂಗಳಲ್ಲಿ ಅಮೇರಿಕೆಯ ಡೆನ್ವರ್ ನಗರದಲ್ಲಿ ಯು.ಎಫ್.ಸಿ. ಸಂಸ್ಥೆಯ ಮೊದಲ ಪಂದ್ಯಾವಳಿ ನಡೆದಾಗ ನಿಯಮಗಳು ಬೆರಳೆಣಿಕೆಯಷ್ಟಿದ್ದವು, ತೂಕದ ವರ್ಗಗಳೇ ಇರಲಿಲ್ಲ. ಇಂದು ತೂಕದ ವರ್ಗ, ಕಾಲಮಿತಿ, ವೈದ್ಯರು, ನಿಷಿದ್ಧ ಏಟುಗಳ ಪಟ್ಟಿ ಎಲ್ಲವೂ ಇವೆ. ಆದರೂ ನೋಡುವ ಕಣ್ಣಿಗೆ ಇದು ಉಗ್ರವಾದ ಆಟವೇ. "ಇದೆಂಥ ಆಟ? ಬೀದಿ ಜಗಳವಲ್ಲವೇ?" ಎಂದು ತಾಯಂದಿರು ಕೇಳಿದರೆ ತಪ್ಪಿಲ್ಲ. ಹಾಗೆ ಕೇಳಿದ ತಾಯಿಗೂ, ಅದನ್ನೇ ಕಲಿಯುತ್ತೇನೆಂದು ಹಟ ಹಿಡಿದ ಮಗನಿಗೂ ಉತ್ತರ ಕೊಡಬಲ್ಲ ಒಂದು ಬಾಳು ನಮ್ಮ ಕಣ್ಣ ಮುಂದಿದೆ. ಅದು ಖಬೀಬ್ ನುರ್ಮಗೊಮೆದೋವ್ ಎಂಬ ಮಲ್ಲನದು.

ರಶಿಯಾದ ದಕ್ಷಿಣದ ಅಂಚಿನಲ್ಲಿ, ಕ್ಯಾಸ್ಪಿಯನ್ ಸಮುದ್ರದ ದಡದಲ್ಲಿ ದಾಗೆಸ್ತಾನ್ ಎಂಬ ಗುಡ್ಡಗಾಡಿನ ನಾಡು. ಅಲ್ಲಿಯ ಸಿಲ್ದಿ ಎಂಬ ಹಳ್ಳಿಯಲ್ಲಿ, ಅವಾರ್ ಭಾಷೆಯನ್ನಾಡುವ ಮನೆಯಲ್ಲಿ 1988ರಲ್ಲಿ ಖಬೀಬ್ ಹುಟ್ಟಿದ. ತಂದೆ ಅಬ್ದುಲ್‌ಮನಾಪ್ ಸೈನ್ಯದಲ್ಲಿದ್ದವರು, ಕುಸ್ತಿ ಮತ್ತು ಜೂಡೋ ಬಲ್ಲವರು. ಅವರು ತಮ್ಮ ಮನೆಯ ಕೆಳ ಅಂತಸ್ತನ್ನೇ ಗರಡಿಯನ್ನಾಗಿ ಮಾಡಿದ್ದರು. ಎಂಟನೆಯ ವಯಸ್ಸಿನಲ್ಲಿ ಮಗನಿಗೆ ಕುಸ್ತಿ, ಹದಿನೈದರಲ್ಲಿ ಜೂಡೋ, ಹದಿನೇಳರಲ್ಲಿ ಸಾಂಬೋ ಎಂಬ ರಶಿಯಾದ ಮಲ್ಲವಿದ್ಯೆ. ಹಣ ಪಡೆದು ಆಡುವ ಮೊದಲ ಪಂದ್ಯ 2008ರಲ್ಲಿ, ಇಪ್ಪತ್ತರ ಹೊಸ್ತಿಲಲ್ಲಿ. ಈ ಲೆಕ್ಕವನ್ನು ವಿದ್ಯಾರ್ಥಿಗಳು ಇನ್ನೊಮ್ಮೆ ಓದಬೇಕು. ಅರ್ಧ ನಿಮಿಷದ ವಿಡಿಯೋದಲ್ಲಿ ನಾವು ಕಾಣುವ ಆ ಒಂದು ಪಟ್ಟಿನ ಹಿಂದೆ ಹನ್ನೆರಡು ವರ್ಷಗಳ ಪಾಠವಿತ್ತು, ಅದೂ ಮೆಟ್ಟಿಲು ಮೆಟ್ಟಿಲಾಗಿ. ಗುದ್ದುವ ವಿದ್ಯೆ ಬಂದದ್ದು ಹಿಡಿಯುವ ವಿದ್ಯೆ ಕೈಗೆ ಹತ್ತಿದ ಮೇಲೆ.

ಈ ಕ್ರಮದಲ್ಲಿ ವಿವೇಕವಿದೆ. ತಲೆಗೆ ಮತ್ತೆ ಮತ್ತೆ ಬೀಳುವ ಏಟು ಮೆದುಳನ್ನು ಕೆಡಿಸುತ್ತದೆಂಬುದನ್ನು ಬಾಕ್ಸರುಗಳ ಸ್ಥಿತಿ ನೋಡಿ ಹ್ಯಾರಿಸನ್ ಮಾರ್ಟ್‌ಲಂಡ್ ಎಂಬ ಅಮೇರಿಕೆಯ ವೈದ್ಯರು 1928ರಲ್ಲಿಯೇ ಬರೆದಿದ್ದರು. ಬೆಳೆಯುವ ಮಗುವಿನ ತಲೆಗೆ ಗುದ್ದು ಬೀಳಲು ಬಿಡುವವನು ಗುರುವಲ್ಲ. ಮೊದಲು ಬೀಳುವುದನ್ನು ಕಲಿಸಬೇಕು, ಆಮೇಲೆ ಬೀಳಿಸುವುದನ್ನು. ಹೊಡೆತದ ಮಾತು ಅದೂ ಆದ ಮೇಲೆ.

ಅಬ್ದುಲ್‌ಮನಾಪ್‌ರ ಇನ್ನೊಂದು ಗುಣವನ್ನು ನಾವು ಮೆಚ್ಚಬೇಕು. ಅಮೇರಿಕೆಗೆ ಹೋಗಲು ಅವರಿಗೆ ವೀಸಾ ಸಿಗಲಿಲ್ಲ. ಮಗನನ್ನು ತಮ್ಮ ಬಳಿಯೇ ಕಟ್ಟಿ ಹಾಕಿಕೊಳ್ಳದೆ ಕ್ಯಾಲಿಫೋರ್ನಿಯಾದ ಹಾವಿಯರ್ ಮೆಂಡೆಜ್ ಎಂಬ ಗುರುವಿನ ಕೈಗೆ ಒಪ್ಪಿಸಿದರು. ಹಿಡಿಯುವ ವಿದ್ಯೆ ತಂದೆಯದು, ನಿಂತು ಹೊಡೆಯುವ ವಿದ್ಯೆಗೆ ಸಾಣೆ ಹಿಡಿದವರು ಮೆಂಡೆಜ್. ತನಗೆ ತಿಳಿಯದ್ದನ್ನು ತಿಳಿದವರ ಬಳಿ ಶಿಷ್ಯನನ್ನು ಕಳಿಸುವುದಕ್ಕೆ ದೊಡ್ಡ ಮನಸ್ಸು ಬೇಕು. ಎಷ್ಟು ಜನ ಗುರುಗಳಲ್ಲಿ, ಎಷ್ಟು ಜನ ತಂದೆಯರಲ್ಲಿ ಆ ಮನಸ್ಸಿದೆ?

2018ರ ಏಪ್ರಿಲಿನಲ್ಲಿ ಖಬೀಬ್ ಯು.ಎಫ್.ಸಿ.ಯ ಹಗುರ ತೂಕದ ವಿಶ್ವವಿಜೇತನಾದ. ಅದೇ ವರ್ಷದ ಅಕ್ಟೋಬರ್ 6ರಂದು ಲಾಸ್ ವೇಗಸ್ ನಗರದಲ್ಲಿ ಐರ್ಲಂಡಿನ ಕಾನರ್ ಮೆಕ್‌ಗ್ರೆಗರ್‌ನೊಡನೆ ಪಂದ್ಯ. ಪಂದ್ಯಕ್ಕೆ ಮೊದಲೇ ಬೈಗುಳ, ಹಂಗಿಸುವಿಕೆ ಬೇಕಾದಷ್ಟು ನಡೆದಿದ್ದವು. ನಾಲ್ಕನೆಯ ಸುತ್ತಿನಲ್ಲಿ ಖಬೀಬ್ ಕುತ್ತಿಗೆಗೆ ಪಟ್ಟು ಹಾಕಿದ. ಮೆಕ್‌ಗ್ರೆಗರ್ ಕೈ ತಟ್ಟಿ ಸೋಲೊಪ್ಪಿಕೊಂಡ. ಕೈ ತಟ್ಟಿದೊಡನೆ ಹಿಡಿತ ಬಿಡಬೇಕೆಂಬುದು ಈ ಆಟದ ಮೊದಲ ಧರ್ಮ. 'ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು' ಎಂಬ ಲೋಕರೂಢಿ ಅಲ್ಲಿ ನಡೆಯುವುದಿಲ್ಲ. ಆದರೆ ಗೆದ್ದ ಖಬೀಬನ ಸಿಟ್ಟು ಗೆಲುವಿನೊಡನೆ ಇಳಿಯಲಿಲ್ಲ. ಬೇಲಿ ಹಾರಿ ಎದುರಾಳಿಯ ಸಂಗಡಿಗರ ಮೇಲೆ ಏರಿ ಹೋದ. ದೊಡ್ಡ ಗದ್ದಲವಾಯಿತು. ಅದಕ್ಕಾಗಿ ಅವನಿಗೆ 5 ಲಕ್ಷ ಡಾಲರ್ ದಂಡವೂ ಒಂಬತ್ತು ತಿಂಗಳ ನಿಷೇಧವೂ ಬಿದ್ದವು.

ಆಗ ತಂದೆ ಏನು ಮಾಡಿದರು? ಮಗ ಜಗತ್ತನ್ನೇ ಗೆದ್ದು ಬಂದ ಹೊತ್ತದು. "ನನ್ನ ಮಗನ ತಪ್ಪೇನಿದೆ? ಅವರೇ ಕೆಣಕಿದರು" ಎನ್ನಲು ಬೇಕಾದಷ್ಟು ಕಾರಣಗಳಿದ್ದವು. ಅವರು ಹಾಗೆನ್ನಲಿಲ್ಲ. ಎಲ್ಲಕ್ಕಿಂತ ಶಿಸ್ತು ಮುಖ್ಯ, ಸಂಸ್ಥೆ ಕೊಡುವ ಶಿಕ್ಷೆಗಿಂತ ತನ್ನ ಶಿಕ್ಷೆ ಕಠಿಣವಾಗಿರುತ್ತದೆ ಎಂದು ಬಹಿರಂಗವಾಗಿಯೇ ಹೇಳಿದರು. ಸೋತಾಗ ಬೈಯುವ ಗುರುಗಳು ಬಹಳ. ಗೆದ್ದಾಗ ತಿದ್ದುವ ಗುರು ವಿರಳ. ಶಾಲೆಯಲ್ಲಿ ಮಗ ಜಗಳಾಡಿ ಬಂದ ದಿನ ಮಗನ ಪಕ್ಷ ಹಿಡಿದು ಮಾಸ್ತರರ ಕಡೆಗೆ ಧಾವಿಸುವ ಪಾಲಕರು ಈ ಪ್ರಸಂಗವನ್ನು ಮನಸ್ಸಿನಲ್ಲಿಡಬೇಕೆಂದು ನಮ್ಮ ವಿನಂತಿ.

2020ರ ಜುಲೈ 3ರಂದು ಅಬ್ದುಲ್‌ಮನಾಪ್ ಕೊರೋನಾ ನಂತರದ ತೊಡಕುಗಳಿಂದ ಮಾಸ್ಕೋದಲ್ಲಿ ತೀರಿಕೊಂಡರು. ಅದೇ ಅಕ್ಟೋಬರ್ 24ರಂದು ಅಬುಧಾಬಿಯಲ್ಲಿ ಜಸ್ಟಿನ್ ಗೇಚಿಯನ್ನು ಸೋಲಿಸಿದ ಖಬೀಬ್ ಕಣದ ನಡುವೆ ಕೈಗವಸುಗಳನ್ನು ಬಿಚ್ಚಿಟ್ಟ. ತಂದೆಯಿಲ್ಲದೆ ಇನ್ನು ಆಡುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದೇನೆ ಎಂದ. ಆಡಿದ್ದು 29 ಪಂದ್ಯ, ಸೋತದ್ದು ಒಂದೂ ಇಲ್ಲ. ವಯಸ್ಸು ಮೂವತ್ತೆರಡು. ಇನ್ನೆಷ್ಟು ಹಣ, ಎಷ್ಟು ಕೀರ್ತಿ ಕಾದಿತ್ತೋ! ಆದರೂ ತಾಯಿಗಿತ್ತ ಮಾತು ಹೆಚ್ಚಾಯಿತು. ಎರಡು ವರ್ಷಗಳ ಮೇಲೆ, 2022ರ ಅಕ್ಟೋಬರಿನಲ್ಲಿ, ಅದೇ ತಂದೆಯ ಇನ್ನೊಬ್ಬ ಶಿಷ್ಯ ಇಸ್ಲಾಂ ಮಖಾಚೆವ್ ಅದೇ ಪಟ್ಟವನ್ನು ಗೆದ್ದಾಗ ಕಣದ ಬದಿಯಲ್ಲಿ ಗುರುಸ್ಥಾನದಲ್ಲಿ ನಿಂತವನು ಖಬೀಬ್. ಗುರು ಹೋದರೂ ಗರಡಿ ಮುಚ್ಚಲಿಲ್ಲ.

ಹೆಣ್ಣುಮಕ್ಕಳಿಗೂ ಒಂದು ಮಾತು. ಉತ್ತರ ಪ್ರದೇಶದ ಮುಜಫ್ಫರನಗರ ಜಿಲ್ಲೆಯ ಬುಢಾಣಾದ ಪೂಜಾ ತೋಮರ್ 2024ರ ಜೂನ್ 8ರಂದು ಅಮೇರಿಕೆಯ ಲೂಯಿವಿಲ್ ನಗರದಲ್ಲಿ ಯು.ಎಫ್.ಸಿ. ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಅವರೂ ನೇರವಾಗಿ ಆ ಕಣಕ್ಕೆ ಇಳಿದವರಲ್ಲ. ಅದಕ್ಕೆ ಮುಂಚೆ ವುಶು ಎಂಬ ಚೀನೀ ಮಲ್ಲವಿದ್ಯೆಯಲ್ಲಿ ರಾಷ್ಟ್ರಮಟ್ಟದ ವಿಜೇತೆಯಾಗಿದ್ದವರು. ಅಲ್ಲಿಯೂ ಮೆಟ್ಟಿಲು ಹತ್ತಿಯೇ ಮಾಳಿಗೆ.

ಗುರುವಿಲ್ಲದ, ಅಥವಾ ಗುರುವಿನ ಎಚ್ಚರ ತಪ್ಪಿದ ದಾರಿ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 2015ರ ಡಿಸೆಂಬರಿನಲ್ಲಿ ಚೀನಾದ ಯಾಂಗ್ ಜಿಯಾನ್‌ಬಿಂಗ್ ಎಂಬ ಇಪ್ಪತ್ತೊಂದರ ತರುಣ ಪಂದ್ಯದ ತೂಕಕ್ಕೆ ಇಳಿಯಲೆಂದು ಮೈಯ ನೀರು ಬತ್ತಿಸಿಕೊಂಡು ಮನಿಲಾದಲ್ಲಿ ಪ್ರಾಣ ಬಿಟ್ಟ. ಖಬೀಬ್ ಕೂಡ 2017ರಲ್ಲಿ ತೂಕ ಇಳಿಸಲು ಹೋಗಿ ಆಸ್ಪತ್ರೆ ಸೇರಿದ, ಪಂದ್ಯ ರದ್ದಾಯಿತು. ಮೊಬೈಲ್ ನೋಡಿ ಉಪವಾಸ ಮಾಡುವ, ನೀರು ಬಿಡುವ ಮಕ್ಕಳು ಇದನ್ನು ಮರೆಯಬಾರದು.

ಇವೆಲ್ಲ ದೂರದ ದೇಶದ ಮಾತು ಎನ್ನಬೇಡಿ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ಸೀಮೆಯವರಾದ ನಮಗೆ ತಾಲೀಮು ಹೊಸದಲ್ಲ, ಕೆಂಪು ಮಣ್ಣು ಹೊಸದಲ್ಲ, ವಸ್ತಾದರ ಗದರಿಕೆಯೂ ಹೊಸದಲ್ಲ. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ ಕುಸ್ತಿಯಲ್ಲಿ ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತದ ಒಬ್ಬ ವ್ಯಕ್ತಿ ಗೆದ್ದ ಮೊದಲ ಒಲಿಂಪಿಕ್ ಪದಕವದು. ಅವರ ಪ್ರಯಾಣಕ್ಕೆ ಹಣವಿಲ್ಲದಾಗ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7 ಸಾವಿರ ರೂಪಾಯಿ ಹೊಂದಿಸಿದರು. ಅವರು ಕುಸ್ತಿ ಕಲಿಸಿದವರಲ್ಲ, ಕಾಲೇಜು ನಡೆಸಿದವರು. ಗುರುವಿನ ಕೆಲಸ ಗರಡಿಯಲ್ಲಿಯೇ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆದ್ದರಿಂದ ಪಾಲಕರಲ್ಲಿ ನಮ್ಮ ಸಲಹೆ ಇಷ್ಟೆ. ಮಗ ಅಥವಾ ಮಗಳು "ನಾನು ಕಾದಾಡುವುದನ್ನು ಕಲಿಯುತ್ತೇನೆ" ಎಂದರೆ ಗದರಿ ಬಾಯಿ ಮುಚ್ಚಿಸಬೇಡಿ. ಬಾಯಿ ಮುಚ್ಚಿದ ಮಗು ಕದ್ದು ಕಲಿಯುತ್ತದೆ, ಕದ್ದು ಕಲಿತ ವಿದ್ಯೆ ಬೀದಿಯಲ್ಲಿ ಪರೀಕ್ಷೆಗೆ ಇಳಿಯುತ್ತದೆ. ಕಣ್ಣು ಮುಚ್ಚಿ ಒಪ್ಪಲೂ ಬೇಡಿ. ಕಲಿಸುವವರ ಬಳಿ ಹೋಗಿ ಮೂರು ಪ್ರಶ್ನೆ ಕೇಳಿರಿ. ಮೊದಲು ಏನು ಕಲಿಸುತ್ತೀರಿ? ಮಗು ಸಾಕೆಂದು ಕೈ ತಟ್ಟಿದರೆ ನಿಲ್ಲಿಸುತ್ತೀರಾ? ಅವನು ಗೆದ್ದು ಸೊಕ್ಕಿದರೆ ಏನು ಮಾಡುತ್ತೀರಿ? ಈ ಮೂರಕ್ಕೂ ನೆಟ್ಟನೆಯ ಉತ್ತರ ಬಂದರೆ ಮಗುವನ್ನು ನಿಶ್ಚಿಂತೆಯಿಂದ ಒಪ್ಪಿಸಿ. ಬರದಿದ್ದರೆ ಊರ ತಾಲೀಮಿನ ಕೆಂಪು ಮಣ್ಣೇ ಲೇಸು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ತೋಳಿನಲ್ಲಿ ಬಲವಿರಲಿ ಎಂದು ನಾವೂ ಹಾರೈಸುತ್ತೇವೆ. ಆದರೆ ಆ ಬಲ ಯಾರಿಗಾಗಿ, ಯಾರ ಮಾತಿಗೆ ನಿಲ್ಲುವಂಥದು ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಿರಿ. ಹೊಡೆಯಲು ಕಲಿಸುವವರು ಊರಿಗೆ ಹತ್ತು ಜನ ಸಿಗುತ್ತಾರೆ. ನಿಲ್ಲಿಸಲು ಕಲಿಸುವವರು ಸಿಕ್ಕರೆ ಅವರ ಕಾಲು ಹಿಡಿಯಿರಿ. ನಿಮ್ಮ ಗುರು ಅವರೇ.