ಭ್ರಾತೃತ್ವ ಸಾರಿದ ಸಂಘಗಳು ಗುಲಾಮಗಿರಿಯನ್ನು ವಿರೋಧಿಸಿದ್ದವೇ?

ಫ್ರೀಮೇಸನ್, ಆಡ್‌ಫೆಲೋಸ್ ಮುಂತಾದ ಸಂಘಗಳ ಬಗ್ಗೆ ಎರಡು ನಂಬಿಕೆಗಳಿವೆ. ಮನುಷ್ಯರೆಲ್ಲ ಸೋದರರು ಎಂದ ಇವು ಗುಲಾಮಗಿರಿಯ ವಿರುದ್ಧ ಹೋರಾಡಿದವು ಎಂಬುದು ಒಂದು. ಗುಟ್ಟಾಗಿ ಗುಲಾಮರ ಒಡೆಯರ ಬೆನ್ನಿಗೆ ನಿಂತವು ಎಂಬುದು ಇನ್ನೊಂದು. ನಿಜ ಸಂಗತಿ ಇವೆರಡಕ್ಕಿಂತ ಬೇರೆ.

ಮೊದಲು ಈ ಸಂಘಗಳ ಸ್ವರೂಪ ನೋಡೋಣ. ಸದಸ್ಯರು ವಂತಿಗೆ ಹಾಕುತ್ತಿದ್ದರು, ಕಾಯಿಲೆ ಬಿದ್ದವರಿಗೆ, ಸತ್ತವರ ಕುಟುಂಬಕ್ಕೆ ನೆರವಾಗುತ್ತಿದ್ದರು. ಸ್ಥಳೀಯ ಶಾಖೆಗೆ 'ಲಾಡ್ಜ್' ಎಂದು ಹೆಸರು. ನಾವು ಊರಿಗೆ ಹೋದಾಗ ತಂಗುವ ಲಾಡ್ಜ್ ಅಲ್ಲ!

ಬಾಗಿಲಲ್ಲೇ ಇದ್ದ ಷರತ್ತು

1723ರಲ್ಲಿ ಲಂಡನ್‌ನಲ್ಲಿ ಅಚ್ಚಾದ ಫ್ರೀಮೇಸನ್ ನಿಯಮಾವಳಿಯ ಪ್ರಕಾರ ಸದಸ್ಯನಾಗುವವನು ಹುಟ್ಟಿನಿಂದಲೇ ಸ್ವತಂತ್ರನಾಗಿರಬೇಕು. ಅಂದರೆ ಗುಲಾಮರಿಗಷ್ಟೇ ಅಲ್ಲ, ಬಿಡುಗಡೆಯಾದ ಗುಲಾಮರಿಗೂ ಪ್ರವೇಶವಿಲ್ಲ. ಲಾಡ್ಜ್‌ನೊಳಗೆ ರಾಜಕೀಯ ಜಗಳ ಕೂಡದು ಎಂಬ ನಿಯಮವೂ ಇತ್ತು. ಜಗಳ ತಪ್ಪಿಸಲು ಮಾಡಿದ ಈ ನಿಯಮ, ಗುಲಾಮಗಿರಿಯ ಪ್ರಶ್ನೆಯಲ್ಲಿ ಬಾಯಿ ಮುಚ್ಚಿಕೊಂಡಿರಲು ಅನುಕೂಲವಾಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಎರಡೂ ಸೇನೆಗಳಲ್ಲಿ ಮೇಸನ್‌ಗಳಿದ್ದರು. ಮೇಸನ್‌ಗಳ ಪ್ರಮುಖ ನಾಯಕ ಆಲ್ಬರ್ಟ್ ಪೈಕ್, ಗುಲಾಮಗಿರಿ ಉಳಿಸಲು ಹೊರಟ ದಕ್ಷಿಣದ ಸೇನೆಯಲ್ಲಿ ಜನರಲ್ ಆಗಿದ್ದ.

ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಮಾಡುವ ಕಾಯ್ದೆ 1834ರಲ್ಲಿ ಜಾರಿಗೆ ಬಂತು. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ 'ಸ್ವತಂತ್ರನಾಗಿ ಹುಟ್ಟಿದವನು' ಎಂಬುದನ್ನು 'ಸ್ವತಂತ್ರ ಮನುಷ್ಯ' ಎಂದು ಬದಲಿಸಿದ್ದು 1847ರಲ್ಲಿ. ಕಾನೂನು ಮುಂದೆ ಹೋಯಿತು, ಸಂಘ ಹಿಂದೆ ಬಂತು. ಅಮೆರಿಕದ ಬಿಳಿಯರ ಲಾಡ್ಜ್‌ಗಳು ಹಳೆಯ ಮಾತನ್ನೇ ಹಿಡಿದುಕೊಂಡವು.

ಹೊರಗುಳಿದವರು ಕಟ್ಟಿದ್ದು

ಬಾಸ್ಟನ್‌ನ ಪ್ರಿನ್ಸ್ ಹಾಲ್ ಮತ್ತು ಇತರ 14 ಮಂದಿ ಕಪ್ಪುಜನರು 1775ರಲ್ಲಿ ಮೇಸನ್‌ಗಳಾದರು. ಅವರನ್ನು ಸೇರಿಸಿಕೊಂಡದ್ದು ಬ್ರಿಟಿಷ್ ಸೇನೆಯ ಜೊತೆಗಿದ್ದ ಐರಿಶ್ ಲಾಡ್ಜ್. ಮುಂದೆ ಇಂಗ್ಲೆಂಡಿನಿಂದ ಸನ್ನದು ತರಿಸಿ ತಮ್ಮದೇ ಲಾಡ್ಜ್ ನಡೆಸಿದರು. 1843ರಲ್ಲಿ ಪೀಟರ್ ಆಗ್ಡೆನ್ ಕೂಡ ಇಂಗ್ಲೆಂಡಿನ ಸನ್ನದಿನಿಂದಲೇ ಕಪ್ಪುಜನರ ಆಡ್‌ಫೆಲೋಸ್ ಶಾಖೆಯನ್ನು ನ್ಯೂಯಾರ್ಕ್‌ನಲ್ಲಿ ತೆರೆದರು.

ಗುಲಾಮಗಿರಿಯ ವಿರುದ್ಧ ದನಿ ಎದ್ದದ್ದು ಇಂಥ ಲಾಡ್ಜ್‌ಗಳಿಂದ. 1829ರಲ್ಲಿ ಗುಲಾಮಗಿರಿಯ ವಿರುದ್ಧ ಬಂಡೇಳಲು ಕರೆಕೊಟ್ಟ ಹೊತ್ತಗೆ ಬರೆದ ಡೇವಿಡ್ ವಾಕರ್ ಪ್ರಿನ್ಸ್ ಹಾಲ್ ಪರಂಪರೆಯ ಮೇಸನ್. 1844ರಲ್ಲಿ ಕೆಂಟಕಿಯಿಂದ ಕುಟುಂಬದೊಂದಿಗೆ ತಪ್ಪಿಸಿಕೊಂಡು ಬಂದ ಲೂಯಿಸ್ ಹೇಡನ್, ತಮ್ಮ ಬಾಸ್ಟನ್ ಮನೆಯಲ್ಲಿ ಓಡಿಬಂದ ಗುಲಾಮರಿಗೆ ಆಸರೆ ಕೊಟ್ಟರು. ಹುಟ್ಟಾ ಗುಲಾಮರಾಗಿದ್ದ ಹೇಡನ್ ಹಳೆಯ ನಿಯಮದಂತೆ ಸದಸ್ಯರೇ ಆಗುವಂತಿರಲಿಲ್ಲ. ಕಪ್ಪುಜನರ ಸಂಘದಲ್ಲಿ ಅವರು ಗ್ರ್ಯಾಂಡ್ ಮಾಸ್ಟರ್ ಆದರು. ಬಿಳಿ ಮೇಸನ್‌ಗಳ ನಡವಳಿಕೆ ಕುರಿತ ಅವರ ಭಾಷಣ 1866ರಲ್ಲಿ ಅಚ್ಚಾಯಿತು. ಅದರ ಹೆಸರಿನ ಅರ್ಥ 'ಮೇಸನ್‌ಗಳಲ್ಲಿ ಜಾತಿ'. ಹುಟ್ಟನ್ನು ನೋಡಿ ಹೊರಗಿಡುವುದನ್ನು ಹೇಳಲು ಅವರು ಆರಿಸಿದ ಆ ಪದವನ್ನು ನಮಗೆ ಬಿಡಿಸಿ ಹೇಳಬೇಕಿಲ್ಲ.

ಪ್ರಿನ್ಸ್ ಹಾಲ್ ಮೇಸನ್‌ಗಳಿಗೆ ಅಮೆರಿಕದ ಬಿಳಿಯರ ಗ್ರ್ಯಾಂಡ್ ಲಾಡ್ಜ್‌ಗಳಿಂದ ಉಳಿದುಬರುವಂಥ ಮನ್ನಣೆ ಸಿಗತೊಡಗಿದ್ದು 1989ರಲ್ಲಿ, ಕನೆಕ್ಟಿಕಟ್‌ನಿಂದ. ಹಾಗಾಗಿ ಒಂದು ಸಂಘ ಸೋದರತ್ವದ ಮಾತಾಡಿದಾಗ ಅದರ ಘೋಷಣೆಯ ಜೊತೆಗೆ ಸದಸ್ಯತ್ವದ ನಿಯಮವನ್ನೂ ಓದಬೇಕು.